ಸಂದರ್ಶಕರ ಪುಸ್ತಕ

ಚಿತ್ರಪ್ರದರ್ಶನದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೊಂದು ದಪ್ಪನೆಯ ಪುಸ್ತಕ, ಪುಸ್ತಕಕ್ಕೆ ದಾರದಿಂದ ಬಿಗಿದ ಒಂದು ಪೆನ್ನು. ಈ ಮೂರನ್ನು ಒಟ್ಟಿಗೆ ಕಂಡರೆ ನನಗೆ ಈಗಲೂ ಕಾಲು ಹಿಂಜರಿಯುತ್ತದೆ. ಕನ್ನಡದ ಎಂ.ಎ. ಮಾಡಿ, ಹದಿನೆಂಟು ವರ್ಷಗಳಿಂದ ಕಾಲೇಜಿನ ಹುಡುಗರಿಗೆ ಕಾವ್ಯಮೀಮಾಂಸೆ ಹೇಳಿಕೊಡುತ್ತ ಬಂದವನು ಎರಡು ಸಾಲಿನ ಅಭಿಪ್ರಾಯ ಬರೆಯುವುದಕ್ಕೆ ಹೆದರುತ್ತಾನೆಂದರೆ ಓದುಗರು ನಗಬಹುದು. ನಗಲಿ. ಮೊದಲು ನಾನೂ ಹೀಗಿರಲಿಲ್ಲ. ಅಂಥ ಪುಸ್ತಕ ಕಣ್ಣಿಗೆ ಬಿದ್ದರೆ ಸಾಕು, ಮದುವೆಮನೆಯಲ್ಲಿ ಎಲೆ ಹಾಕಿದ್ದನ್ನು ಕಂಡ ಹಸಿದವನಂತೆ ಹೋಗಿ ಕೂತುಬಿಡುತ್ತಿದ್ದೆ. ‘ವರ್ಣಸಂಯೋಜನೆ ಮನಮೋಹಕವಾಗಿದೆ’, ‘ರೇಖೆಗಳಲ್ಲಿ ಲಯವಿದೆ’, ‘ಕಲಾವಿದರಿಗೆ ಉಜ್ಜ್ವಲ ಭವಿಷ್ಯವಿದೆ’ ಎಂಬಂಥ ಹತ್ತು ಹದಿನೈದು ವಾಕ್ಯಗಳು ನನ್ನ ಬಳಿ ಸದಾ ಸಿದ್ಧವಾಗಿರುತ್ತಿದ್ದವು. ಈ ವಾಕ್ಯಗಳಲ್ಲಿ ಒಂದು ದೊಡ್ಡ ಅನುಕೂಲವಿದೆ. ಇವು ಯಾವ ಚಿತ್ರಕ್ಕಾದರೂ ಒಪ್ಪುತ್ತವೆ; ಚಿತ್ರವನ್ನು ನೋಡದಿದ್ದರೂ ಒಪ್ಪುತ್ತವೆ.

ಈ ಅನುಕೂಲವೇ ನನಗೆ ಮುಳುವಾದ ಕಥೆಯನ್ನು ಹೇಳಬೇಕಾದರೆ ನಮ್ಮೂರಿನಿಂದಲೇ ಆರಂಭಿಸಬೇಕು.

ನಮ್ಮೂರು ಸಾಯಗಾಂವ. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಅಂಚಿನಲ್ಲಿರುವ ಊರು. ಅಲ್ಲಿಂದ ಮುಂದಕ್ಕೆ ಮಹಾರಾಷ್ಟ್ರ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಬಾಜಾರದಲ್ಲಿ ಮರಾಠಿ, ಹಿರಿಯರ ಹಳೆಯ ಕಾಗದಪತ್ರಗಳಲ್ಲಿ ಉರ್ದು. 1948ರವರೆಗೆ ನಿಜಾಮರ ರಾಜ್ಯ, 1956ರ ನವೆಂಬರದಿಂದ ಈಚೆಗೆ ಕನ್ನಡ ರಾಜ್ಯ. ಹೊಲ ಮಾತ್ರ ಅಂದಿಗೂ ಇಂದಿಗೂ ತೊಗರಿ ಉದ್ದುಗಳದೇ. ನಾನು ಚಿಕ್ಕವನಿದ್ದಾಗ ಊರಿನಲ್ಲಿ ಚಿತ್ರವೆಂಬುದು ಕಾಣಸಿಗುತ್ತಿದ್ದದ್ದು ಒಂದೇ ಕಡೆ: ಕಿರಾಣಿ ಅಂಗಡಿಯ ಗೋಡೆಯ ಮೇಲಿನ ಕ್ಯಾಲೆಂಡರುಗಳಲ್ಲಿ. ಬೆಲ್ಲ ತರಲು ಹೋದವನು ಶಿವ ಪಾರ್ವತಿಯರನ್ನು ನೋಡುತ್ತ ನಿಂತು, ಬೆಲ್ಲವನ್ನು ಮರೆತು ಬಂದು ಅವ್ವನ ಕೈಯಿಂದ ಪೆಟ್ಟು ತಿಂದದ್ದುಂಟು. ಆ ದೇವರುಗಳಿಗೆ ಮೈಯಲ್ಲಿ ಮಾಂಸವಿತ್ತು, ಮುಖದಲ್ಲಿ ಬೆಳಕಿತ್ತು, ಉಟ್ಟ ರೇಷ್ಮೆಗೆ ಮಡಿಕೆಯಿತ್ತು. ಅಂಥ ದೇವರುಗಳನ್ನು ನಾಡಿನ ಗೋಡೆಗೋಡೆಗೂ ಇಳಿಸಿದವರಲ್ಲಿ ನಮ್ಮ ಪಕ್ಕದ ಕಲಬುರಗಿಯವರೇ ಆದ ಎಸ್. ಎಂ. ಪಂಡಿತರೂ ಒಬ್ಬರೆಂಬುದು ನನಗೆ ಗೊತ್ತಾದದ್ದು ಎಂ.ಎ. ಓದಲು ಹೋದ ಮೇಲೆ. 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ಮಹಾನುಭಾವರು ಮುಂಬಯಿಗೆ ಹೋಗಿ ಸಿನಿಮಾದ ಭಿತ್ತಿಪತ್ರಗಳನ್ನೂ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದು ಹೆಸರಾದವರು. ಪ್ರದರ್ಶನಶಾಲೆಗೆ ಎಂದೂ ಕಾಲಿಡದ ಲಕ್ಷಾಂತರ ಜನ ಇಂಥವರ ಚಿತ್ರಗಳನ್ನು ದಿನವೂ ಎದ್ದು ಕೈಮುಗಿದು ನೋಡಿದರು. ಬರೆದವರ ಹೆಸರನ್ನು ಮಾತ್ರ ಕೇಳಲಿಲ್ಲ.

ಇಂಥ ಊರಿನಲ್ಲಿ, ನಮ್ಮ ಮನೆಯ ಎದುರಿನ ಓಣಿಯಲ್ಲಿ, ಒಬ್ಬ ಹುಡುಗ ಚಿತ್ರ ತೆಗೆಯತೊಡಗಿದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೆಳೆಯುತ್ತಿರುವ ಪೈರಿಗೆ ದೃಷ್ಟಿ ತಾಗಬಾರದೆಂದು ನಮ್ಮಲ್ಲೊಂದು ನಂಬಿಕೆ. ಊರಿನವರಂತೂ ಅವನನ್ನು ಹೆಸರಿಡಿದು ಕರೆದವರೇ ಅಲ್ಲ. ಹತ್ತನೆಯ ಇಯತ್ತೆಯಲ್ಲಿದ್ದಾಗಲೇ ಅವನು ‘ಪೇಂಟರ’ ಆಗಿಬಿಟ್ಟಿದ್ದ. ಟ್ರ್ಯಾಕ್ಟರಿನ ಹಿಂದೆ ನಂಬರು, ಗಣಪತಿ ಮಂಟಪದ ಹಿಂದಿನ ಪರದೆ, ಶಾಲೆಯ ಗೋಡೆಯ ಮೇಲೆ ಭಾರತದ ನಕಾಶೆ, ಯಾರದೋ ಹೊಸ ಮನೆಯ ಬಾಗಿಲಿಗೆ ‘ಸುಸ್ವಾಗತ’, ಎಲ್ಲವೂ ಅವನದೇ. ಕೂಲಿಯೆಂದರೆ ಒಂದು ಚಹಾ, ಮತ್ತೆ ‘ಮಸ್ತ್ ಮಾಡ್ಯಾನ ನೋಡ’ ಎಂಬ ಪ್ರಶಂಸೆ.

2016ರ ಬೇಸಿಗೆ. ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ವರ್ಷವದು, ಓದುಗರಿಗೆ ನೆನಪಿರಬಹುದು. ಗಡಿಯೆಂಬುದು ನಕಾಶೆಯಲ್ಲಿ ಮಾತ್ರ, ಬರಕ್ಕೆ ಗಡಿಯಿಲ್ಲ. ನಮ್ಮ ಕಡೆಯೂ ಬಾವಿಗಳು ತಳ ಕಂಡಿದ್ದವು, ಮೇವು ಬಂಗಾರವಾಗಿತ್ತು. ನಾನು ರಜೆಗೆಂದು ಬೀದರದಿಂದ ಊರಿಗೆ ಬಂದಿದ್ದಾಗ ಹುಡುಗನ ಅಪ್ಪ ನಮ್ಮ ಕಟ್ಟೆಗೆ ಬಂದು ಕೂತರು. ನನಗಿಂತ ಹತ್ತು ವರ್ಷ ಹಿರಿಯರು. ಅಕ್ಷರ ಬಾರದವರು, ಮಿತಭಾಷಿ.

“ಮಾಸ್ತರ, ನಮ್ಮ ಹುಡುಗ ಕಲಬುರಗಿಗಿ ಹೋಗಿ ಚಿತ್ರ ಕಲೀತೀನಿ ಅಂತ ಹಟ ಹಿಡ್ದಾನ. ಏನ್ ಮಾಡ್ಬೇಕು ಹೇಳ್ರಿ” ಎಂದರು.

ನಾನು ಓದಿದವನು, ಸಲಹೆ ಕೊಡುವ ಅಧಿಕಾರ ನನಗೆ ಹುಟ್ಟಿನಿಂದ ಬಂದದ್ದೆಂಬಂತೆ ಕೊಟ್ಟೆ. “ಅಣ್ಣಾ, ಚಿತ್ರ ತೆಗೆದು ಹೊಟ್ಟಿ ತುಂಬ್ತದೇನು? ಬಿ.ಎ. ಮಾಡಿಸ್ರಿ, ಬಿ.ಎಡ್. ಮಾಡಿಸ್ರಿ. ಮಾಸ್ತರಕಿ ಸಿಕ್ರ ಚಿತ್ರ ಸಂಡೇದ ದಿನ ತೆಗೀಲಿ” ಎಂದೆ. ಅವರು ತಲೆಯಾಡಿಸಿ ಎದ್ದುಹೋದರು. ನನ್ನ ಮಾತು ನಾಟಿತೆಂದುಕೊಂಡೆ. ಎರಡು ವಾರದ ಮೇಲೆ ತಿಳಿದ ಸಂಗತಿಯೇ ಬೇರೆ. ಅವರು ತಮ್ಮ ಎತ್ತಿನ ಜೋಡಿಯನ್ನು ಮಾರಿದ್ದರು. ನಮ್ಮ ಗಡಿಸೀಮೆಗೇ ಹೆಸರು ತಂದ ದೇವಣಿ ತಳಿಯ ಜೋಡಿ. ಬಿಳಿಯ ಮೈ, ಅದರ ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಮಚ್ಚೆ. ಮೇವಿಲ್ಲದೆ ಮಾರಿದರು ಎಂದು ಊರು ಹೇಳಿತು. ಹುಡುಗ ಕಲಬುರಗಿಯಲ್ಲಿ ಫೀಸು ಕಟ್ಟಿದ್ದ ಎಂಬುದನ್ನು ನಾನು ಜೊತೆಗೆ ಸೇರಿಸಿ ಓದಿಕೊಂಡೆ. ಎರಡೂ ನಿಜವಾಗಿತ್ತು.

ಕಲಬುರಗಿಗೆ ಚಿತ್ರಕಲೆಯ ಪಾಠಶಾಲೆ ಹೊಸತಲ್ಲ. ವಿ. ಜಿ. ಅಂದಾನಿ, ಜೆ. ಎಸ್. ಖಂಡೇರಾವ್ ಮೊದಲಾದವರು ಬೆಂಗಳೂರು ಮುಂಬಯಿಗಳ ಹಾದಿ ಹಿಡಿಯದೆ ಅಲ್ಲಿಯೇ ನೆಲೆನಿಂತು, ಹಳ್ಳಿಗಳಿಂದ ಬಂದ ಹುಡುಗರಿಗೆ ಕುಂಚ ಹಿಡಿಯುವುದನ್ನು ಕಲಿಸಿದರು. ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಎಂ.ಎಂ.ಕೆ. ದೃಶ್ಯಕಲಾ ಕಾಲೇಜು ಎಂಬ ಹೆಸರುಗಳು ನಮ್ಮ ಭಾಗದ ಚಿತ್ರಗಾರರಿಗೆ ತವರುಮನೆಯ ಹೆಸರಿದ್ದಂತೆ. ನಮ್ಮ ಹುಡುಗನೂ ಅಲ್ಲಿನ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ. ರಜೆಗೆ ಬಂದಾಗ ಗಡ್ಡ ಬಿಟ್ಟಿರುತ್ತಿದ್ದ. ಊರಿನವರ ದೃಷ್ಟಿಯಲ್ಲಿ ಕಲಿತದ್ದಕ್ಕೆ ಅದೊಂದೇ ಗುರುತು. ಕಲಿತು ಮುಗಿಸುವ ಹೊತ್ತಿಗೆ ಕೊರೋನಾ ಬಂತು. ಎರಡು ವರ್ಷ ಊರಿನಲ್ಲೇ ಉಳಿದು, ಹಗಲು ಹೊಲ, ರಾತ್ರಿ ಚಿತ್ರ ಎಂದು ಕಳೆದ.

2022ರಲ್ಲಿ ಕಲಬುರಗಿಯಲ್ಲಿ ಅವನ ಮೊದಲ ಪ್ರದರ್ಶನ. ಮೂರು ದಿನ. ಆಮಂತ್ರಣ ಪತ್ರಿಕೆಯನ್ನು ಮೊಬೈಲಿಗೆ ಕಳಿಸಿ, ಮೇಲೆ ಫೋನು ಮಾಡಿ, “ಕಾಕಾ, ನೀವು ಬರಲೇಬೇಕು” ಎಂದ. ನಾನು ಹೋದದ್ದು ಮೂರನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ. ಅದೂ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆಯ ಕೆಲಸವಿತ್ತೆಂದು ಕಲಬುರಗಿಗೆ ಬಂದವನು, ದಾರಿಯಲ್ಲಿದೆಯಲ್ಲ ಎಂದು. ಒಳಗೆ ಯಾರೂ ಇರಲಿಲ್ಲ. ಗೋಡೆಗಳ ಮೇಲೆ ಇಪ್ಪತ್ತೆರಡು ಚಿತ್ರ, ಮೇಲೆ ತಿರುಗುವ ಫ್ಯಾನು, ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನು. ನನ್ನನ್ನು ಕಂಡು ಎದ್ದುನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮ್ಯೂಜಿಯಮ್ಮಿನಲ್ಲಿ ದೊಡ್ಡವರು ನಡೆಯುವಂತೆ, ಒಂದು ಸುತ್ತು ಬಂದೆ. ಒಂದು ಸುತ್ತಿಗೆ ನಾಲ್ಕು ನಿಮಿಷವೂ ಹಿಡಿಯಲಿಲ್ಲವೆಂದು ತೋರುತ್ತದೆ. ನೇರವಾಗಿ ಮೇಜಿಗೆ ಹೋಗಿ ಪುಸ್ತಕದಲ್ಲಿ ಬರೆದೆ: ‘ವರ್ಣಸಂಯೋಜನೆ ಮನಮೋಹಕವಾಗಿದೆ. ಗಡಿನಾಡಿನ ಪ್ರತಿಭೆಗೆ ಉಜ್ಜ್ವಲ ಭವಿಷ್ಯವಿದೆ.’ ಕೆಳಗೆ ಹೆಸರು, ಎಂ.ಎ., ಹುದ್ದೆ.

ಅವನು ಅದನ್ನು ಓದಿದ. ಸಂತೋಷಪಟ್ಟನೆಂದೇ ನನ್ನ ಎಣಿಕೆ. ಆಮೇಲೆ ತೀರ ಸಹಜವಾಗಿ ಕೇಳಿದ:

“ಯಾವ ಚಿತ್ರ ಛಲೋ ಕಾಣ್ತು ಕಾಕಾ?”

ವಾಚಕರೆ, ನಾನು ಪರೀಕ್ಷಕನಾಗಿ ಎಷ್ಟೋ ಹುಡುಗರನ್ನು ಮೌಖಿಕ ಪರೀಕ್ಷೆಯಲ್ಲಿ ಬೆವರಿಸಿದ್ದೇನೆ. ಅವರ ಶಾಪವೆಲ್ಲ ಆ ಗಳಿಗೆಯಲ್ಲಿ ಒಟ್ಟಾಗಿ ಬಂದು ನನಗೆ ತಗಲಿತು. ಇಪ್ಪತ್ತೆರಡರಲ್ಲಿ ಒಂದು ಚಿತ್ರವಾದರೂ ಕಣ್ಣಿನ ಮುಂದೆ ನಿಲ್ಲಲೊಲ್ಲದು. ಕೊನೆಗೆ ಬಾಗಿಲ ಬಳಿಯಿದ್ದ, ಎಲ್ಲಕ್ಕಿಂತ ದೊಡ್ಡದಾದ, ಕೆಂಪು ಬಣ್ಣದ ಒಂದನ್ನು ತೋರಿಸಿದೆ. ಅವನು ಮೆಲ್ಲನೆ, “ಹೌದ್ರಿ, ಅದು ಎಲ್ಲರಿಗೂ ಕಾಣ್ತದ” ಎಂದ. ಆ ಮಾತಿನಲ್ಲಿ ಕೊಂಕು ಒಂದಿಷ್ಟಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಬರೀ ದಣಿವಿತ್ತು. ಪುಸ್ತಕವನ್ನು ತಿರುವಿ ನೋಡಿದೆ. ಮೂರು ದಿನಕ್ಕೆ ಮೂವತ್ತೊಂದು ಅಭಿಪ್ರಾಯಗಳಿದ್ದವು. ಹೆಚ್ಚು ಕಡಿಮೆ ಎಲ್ಲವೂ ನನ್ನವೇ, ಹಸ್ತಾಕ್ಷರ ಮಾತ್ರ ಬೇರೆ ಬೇರೆ.

ಅಂದು ರಾತ್ರಿ ಬೀದರಕ್ಕೆ ಮರಳುವ ಗಾಡಿಯಲ್ಲಿ ನನಗೆ ಹೊಳೆದದ್ದಿಷ್ಟು. ಚಿತ್ರ ಬಿಕರಿಯಾಗದೆ ಹೋದರೆ ಚಿತ್ರಗಾರ ತಾಳಿಕೊಳ್ಳುತ್ತಾನೆ. ಅದು ಅವನಿಗೆ ಮೊದಲೇ ಗೊತ್ತಿರುತ್ತದೆ. ಎತ್ತು ಮಾರಿದ ರೊಕ್ಕದಲ್ಲಿ ಕಲಿತು, ಎರಡು ವರ್ಷದ ರಾತ್ರಿಗಳನ್ನು ಸುಟ್ಟು ತೆಗೆದ ಚಿತ್ರಗಳ ಮುಂದೆ ಬಂದವರೆಲ್ಲ ನೋಡದೆ ಹೊಗಳಿ ಹೋದರೆ, ಅದನ್ನು ತಾಳುವುದು ಹೇಗೆ?

ಇದಾದ ಮೇಲೆ ಅವನೂ ಬೀದರಕ್ಕೆ ಬಂದು ಒಂದು ಕೋಣೆ ಹಿಡಿದ. ಮಕ್ಕಳಿಗೆ ಚಿತ್ರದ ಪಾಠ ಹೇಳಿ ಬಾಡಿಗೆ ಕಟ್ಟುತ್ತಿದ್ದ. ಅಲ್ಲಿ ಅವನಿಗೊಂದು ಬಳಗ ಸಿಕ್ಕಿತು. ಹೆಸರಿಲ್ಲದ, ಅಧ್ಯಕ್ಷರಿಲ್ಲದ, ವಂತಿಗೆಯಿಲ್ಲದ ಬಳಗ. ಇಬ್ಬರು ಹೈಸ್ಕೂಲಿನ ಚಿತ್ರಕಲಾ ಮಾಸ್ತರರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಒಬ್ಬ ಬೋರ್ಡು ಬರೆಯುವವರು, ಬಿದರಿ ಕೆಲಸದ ಮನೆತನದ ಒಬ್ಬ ತರುಣ, ಮತ್ತೆ ನಮ್ಮವನು. ಭಾನುವಾರ ಬೆಳಿಗ್ಗೆ ಕೋಟೆಯಲ್ಲೋ, 1472ರಲ್ಲಿ ಮಹಮೂದ ಗವಾನ ಕಟ್ಟಿಸಿದ ಮದರಸಾದ ಮುಂದೋ ಕೂತು ಚಿತ್ರ ತೆಗೆಯುವುದು, ಹತ್ತು ಗಂಟೆಗೆ ಒಂದು ಹೋಟೆಲಿಗೆ ಹೋಗಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ಹರಿದು ಹಾಕುವುದೊಂದನ್ನು ಬಿಟ್ಟು ಬಾಕಿಯೆಲ್ಲ ಮಾಡುವುದು; ಇಷ್ಟೇ ಅವರ ಕಾರ್ಯಕಲಾಪ. ಕಲಬುರಗಿಯ ಪುಸ್ತಕದ ಋಣ ತೀರಿಸಬೇಕೆಂಬ ಆಸೆಯಿಂದ ನಾನೂ ಆಗಾಗ ಹೋಗಿ ಬದಿಯಲ್ಲಿ ಕೂರತೊಡಗಿದೆ. ಚಹಾದ ಬಿಲ್ಲು ಕೊಡುವವನೆಂದು ನನ್ನನ್ನು ಸೇರಿಸಿಕೊಂಡರು.

ಅಲ್ಲಿ ಕೇಳಿದ ಮಾತುಗಳು ಯಾವ ಪುಸ್ತಕದಲ್ಲೂ ಬರೆಯುವಂಥವಲ್ಲ. ‘ಈ ಕಮಾನು ನಿಂತಿಲ್ಲ, ಬೀಳ್ಲತ್ತದ’, ‘ನೆರಳಿಗಿ ಕಪ್ಪು ಯಾಕ ಹಾಕ್ದಿ? ಅಲ್ಲಿ ನೀಲಿ ಅದ ನೋಡು.’ ಒಂದು ದಿನ ಬಿದರಿ ಕೆಲಸದ ತರುಣ ತನ್ನ ಕಸಬಿನ ಕ್ರಮವನ್ನು ವಿವರಿಸಿದ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಉಜ್ಜಿದ ಮೈಗೆ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಬಳ್ಳಿ ಹೂ ಕೊರೆಯುತ್ತಾರೆ. ಕೊರೆದಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕುದಿಸಿ ತಿಕ್ಕಿದರೆ ಪಾತ್ರೆಯ ಮೈ ಕಾಯಂ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. “ಬೆಳ್ಳಿ ಹೊಳೀಬೇಕಾದ್ರ ಸುತ್ತಲಿಂದು ಕಪ್ಪಾಗಬೇಕು ಭಾಯಿ. ನೀ ಎಲ್ಲಾ ಕಡೆ ಹೊಳಪು ತುಂಬತಿ” ಎಂದು ಅವನು ನಮ್ಮ ಹುಡುಗನಿಗೆ ಹೇಳಿದ. ಇದೇ ಊರಿನ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಕಾಲೇಜಿನಲ್ಲಿ ಭಾಷಣ ಮಾಡಿದ್ದೆ. ಆ ಭಾಷಣದಲ್ಲಿ ಈ ಒಂದು ಮಾತಿನಷ್ಟು ಸಾರವಿರಲಿಲ್ಲ. ಅಂದಿನಿಂದ ಹುಡುಗನ ಚಿತ್ರಗಳಲ್ಲಿ ಕಿರಿಚುವ ಕೆಂಪು ಕಡಿಮೆಯಾಗುತ್ತ ಬಂತು.

ಆ ವರ್ಷದ ಒಂದು ಭಾನುವಾರ ನಮ್ಮನ್ನೆಲ್ಲ ಅಷ್ಟೂರಿಗೆ ಕರೆದೊಯ್ದರು. ಬೀದರಕ್ಕೆ ಮೂಡಣ ದಿಕ್ಕಿನಲ್ಲಿ, ಊರಿಗೆ ಅಂಟಿಕೊಂಡಂತೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಅವುಗಳಲ್ಲಿ 1436ರಲ್ಲಿ ತೀರಿಕೊಂಡ ಅಹಮದ ಶಾ ವಲಿಯದು ಮುಖ್ಯವಾದದ್ದು. ನಮ್ಮ ಜನ ಇವನನ್ನು ಅಲ್ಲಮಪ್ರಭುವೆಂದೂ ಕರೆಯುತ್ತಾರೆ. ಉರುಸಿಗೆ ಆಳಂದದ ಕಡೆಯ ಮಾಡಿಯಾಳದಿಂದ ಜಂಗಮರು ಬರುವ ವಾಡಿಕೆಯಿದೆ. ಆ ಜಾತ್ರೆಗೆ ನಾನು ಹತ್ತು ಸಲ ಹೋಗಿದ್ದೇನೆ. ಬೆಂಡು ಬತ್ತಾಸು ತಿಂದಿದ್ದೇನೆ, ಒಳಗೆ ಹೋಗಿ ಕೈಮುಗಿದು ಬಂದಿದ್ದೇನೆ. ಒಳಗೆ ಕತ್ತಲು. ಕತ್ತಲೆಂದೇ ನನ್ನ ನೆನಪು.

ಅಂದು ಗೋರಿ ನೋಡಿಕೊಳ್ಳುವ ಮುದುಕರೊಬ್ಬರಿದ್ದರು. ಹುಡುಗನ ಪರಿಚಯದವರು. “ಚಾಚಾ, ನಮ್ಮ ಕಾಕಾಗ ತೋರಸ್ರಿ” ಎಂದ. ಅವರು ಒಂದು ಕನ್ನಡಿ ತಂದರು. ಕ್ಷೌರಿಕರ ಅಂಗಡಿಯಲ್ಲಿರುವಂಥ ಸಾದಾ ಕನ್ನಡಿ. ಹೊರಗೆ ಬಿಸಿಲಿನಲ್ಲಿ ನಿಂತು ಅದನ್ನು ಓರೆಮಾಡಿ ಹಿಡಿದರು. ಬೆಳಕಿನ ಒಂದು ತುಂಡು ಬಾಗಿಲಿನಿಂದ ಒಳನುಗ್ಗಿ, ಗೋಡೆ ಹತ್ತಿ, ಗುಮ್ಮಟದ ಒಳಮೈಗೆ ಹೋಗಿ ನಿಂತಿತು. ಓದುಗರೆ, ನಾನು ಏನೆಂದು ಹೇಳಲಿ! ಕುಂಕುಮದ ಕೆಂಪು, ಚಿನ್ನದ ಅಕ್ಷರ, ನೀಲಿ ಹಸಿರುಗಳ ಹೂಬಳ್ಳಿ. ಸುಮಾರು ಆರುನೂರು ವರ್ಷಗಳಿಂದ ಅವೆಲ್ಲ ಅಲ್ಲಿಯೇ ಇದ್ದವು, ನನ್ನ ತಲೆಯ ಮೇಲೆ. ಚಾಚಾ ಕನ್ನಡಿಯನ್ನು ಮೆಲ್ಲಗೆ ಸರಿಸಿದಂತೆ ಬೆಳಕೂ ಸರಿಯಿತು. ಒಂದು ಹೂವು ಕತ್ತಲಿಗೆ ಹೋಗಿ ಇನ್ನೊಂದು ಎದ್ದಿತು. ಕುತ್ತಿಗೆ ನೋಯುವವರೆಗೆ ನೋಡಿದೆ. ಯಾರೂ ಏನೂ ಕೇಳಲಿಲ್ಲ. ಬರೆಯಲು ಪುಸ್ತಕವೂ ಇರಲಿಲ್ಲ.

ಮರಳುವಾಗ ಹುಡುಗ ಹೇಳಿದ: “ಬರೆದಾಂವ ಯಾರಿಗಿ ತೋರಸ್ಲಾಕ ಅಷ್ಟು ಎತ್ತರಕ್ಕ ಬರೆದ ಅಂತ ದಿನಾ ಅನಸ್ತಿತ್ತು ಕಾಕಾ. ಚಾಚಾಗ ನೋಡಿದ ಮ್ಯಾಲ ಅನಸೋದು ಬಿಟ್ಟದ.”

ಚಿತ್ರಗಾರನೆಂದರೆ ಒಂಟಿಯಾಗಿ ಕೋಣೆಯಲ್ಲಿ ಕೂತು ತಪಸ್ಸು ಮಾಡುವವನೆಂಬ ಭಾವನೆ ನಮ್ಮಲ್ಲಿ ಬಹಳ. ಆದರೆ ಏಕಾಂತಕ್ಕೆ ಹೆಸರಾದ ನಮ್ಮ ಕೆ. ವೆಂಕಟಪ್ಪನವರು ಕೂಡ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಎದುರಿಗೆ, ನಂದಲಾಲ ಬೋಸರಂಥ ಸಹಪಾಠಿಗಳ ನಡುವೆ ಕೂತು ಕಲಿತವರೇ. ಕನ್ನಡಿ ಹಿಡಿಯುವವರು ಯಾರಾದರೊಬ್ಬರು ಬೇಕಾಗುತ್ತದೆ.

ಬಳಗದವರು ಸೇರಿ ಅವನನ್ನು ಬೆಂಗಳೂರಿಗೆ ಹೊರಡಿಸಿದರು. ಅಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ಸುದ್ದಿ ಓದುಗರಿಗೆ ಗೊತ್ತೇ ಇದೆ. 2024ರ ಜನವರಿ 7ರ ಭಾನುವಾರ ನಡೆದದ್ದು 21ನೆಯದು. ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಎರಡೂ ಬದಿಗೆ ಸುಮಾರು 1500 ಚಿತ್ರಗಾರರು ಸಾಲುಗಟ್ಟಿ ಕೂತಿದ್ದರು. ನಮ್ಮ ಭಾಲ್ಕಿಯ ಸಂತೆಯಲ್ಲಿ ಮೆಣಸಿನಕಾಯಿ ಸುರಿದುಕೊಂಡು ಕೂತಂತೆ ಇಲ್ಲಿ ಚಿತ್ರ ಸುರಿದುಕೊಂಡು ಕೂತಿದ್ದಾರೆ! ರಾತ್ರಿಯ ರೈಲಿನಲ್ಲಿ, ಚಿತ್ರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಬರ್ತಿನ ಮೇಲೆ ಮಲಗಿಸಿ, ತಾವು ಕೂತುಕೊಂಡು ಬಂದ ಹುಡುಗನ ಜೊತೆಗೆ ನಾನೂ ಹೋಗಿದ್ದೆ. ಆ ವರ್ಷದ ಸಂತೆ ಬಾಹ್ಯಾಕಾಶ ವಿಜ್ಞಾನಿಗಳಿಗೆ ಅರ್ಪಿತವಾಗಿತ್ತು. ಎಲ್ಲರೂ ಚಂದ್ರನ ಮಾತಾಡುತ್ತಿದ್ದ ಆ ಬೀದಿಯಲ್ಲಿ ನಮ್ಮವನು ಎರಡು ಗೂಟಗಳನ್ನು ನೆಟ್ಟುಕೊಂಡು ನಿಂತಿದ್ದ.

ಗೂಟವೆಂದರೆ ಚಿತ್ರದ ಗೂಟ. ಒಂದು ದನದ ಕೊಟ್ಟಿಗೆ, ನೆಲದಲ್ಲಿ ಎರಡು ಗೂಟ, ಹಗ್ಗವಿಲ್ಲ, ದನವಿಲ್ಲ. ಗೋದಲಿಯಲ್ಲಿ ಒಂದು ಹಿಡಿ ಒಣ ಕಣಿಕೆ. ಗೋಡೆಯ ಸಂದಿನಿಂದ ಒಂದು ಎಳೆ ಬಿಸಿಲು ಬಂದು ಎಡಗಡೆಯ ಗೂಟದ ನೆತ್ತಿಯ ಮೇಲೆ ಬಿದ್ದಿದೆ. ಹಗ್ಗ ತಿಕ್ಕಿ ತಿಕ್ಕಿ ಆ ಗೂಟದ ಕೊರಳು ಸವೆದು ನುಣುಪಾಗಿದೆ. ಸುತ್ತಲೂ ಕಂದು, ಕಪ್ಪು. ಹೊಳಪು ಅಷ್ಟೇ ಅಷ್ಟು. “ಇದು ಹೊಸದೇನು?” ಎಂದು ಕೇಳಿದೆ. “ಇಲ್ರಿ ಕಾಕಾ, ಕಲಬುರಗಿ ಪ್ರದರ್ಶನದಾಗ ಇತ್ತು. ಬಣ್ಣ ಆಮ್ಯಾಲ ಬದಲಿ ಮಾಡೀನಿ” ಎಂದ. ಇಪ್ಪತ್ತೆರಡರಲ್ಲಿ ಅದೂ ಒಂದಾಗಿತ್ತು. ನಾನು ಅದರ ಮುಂದೆ ನಡೆದುಹೋಗಿದ್ದೆ. ಆ ಎತ್ತುಗಳ ಮೈಸವರಿದವನು, ಅವು ಮಾರಾಟವಾದ ವರ್ಷ ಕಟ್ಟೆಯ ಮೇಲೆ ಕೂತು ಸಲಹೆ ಕೊಟ್ಟವನು, ನಾನು ನಡೆದುಹೋಗಿದ್ದೆ!

ಮಧ್ಯಾಹ್ನದ ಹೊತ್ತಿಗೆ ಮೂರು ಸಣ್ಣ ಚಿತ್ರಗಳು ಹೋದವು. ಸಂಜೆಯ ಹೊತ್ತಿಗೆ ದಂಪತಿಗಳಿಬ್ಬರು ಬಂದು ಗೂಟದ ಚಿತ್ರದ ಮುಂದೆ ನಿಂತರು. ಹಿಂದೆ ಸರಿದು ನೋಡಿದರು, ಹತ್ತಿರ ಬಂದು ನೋಡಿದರು. ಬೆಲೆ ಕೇಳಿದರು. ಅವನು ಹೇಳಲಿಲ್ಲ. ಅವರೇ ಹನ್ನೆರಡು ಸಾವಿರ ಎಂದರು. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. ಅವನು ಕೈಜೋಡಿಸಿ, “ಇದು ಇನ್ನ ಮುಗಿದಿಲ್ರಿ” ಎಂದುಬಿಟ್ಟ. ಅವರು ಹೋದ ಮೇಲೆ, “ಮುಗಿದದ ಅಲ್ಲೋ ತಮ್ಮಾ! ಇನ್ನೇನು ಉಳಿದದ?” ಎಂದು ರೇಗಿದೆ. ಅವನು ಉತ್ತರ ಕೊಡಲಿಲ್ಲ. ರಾತ್ರಿ ಲೆಕ್ಕ ಹಾಕಿದಾಗ ಚೌಕಟ್ಟು, ರೈಲು, ಊಟ ಎಲ್ಲ ಕಳೆದು ಒಂದು ಸಾವಿರದ ನಾನೂರು ರೂಪಾಯಿ ಉಳಿದಿತ್ತು. ಹನ್ನೆರಡು ಸಾವಿರ ನನ್ನ ಕಣ್ಣೆದುರು ಕುಣಿಯುತ್ತಲೇ ಇತ್ತು.

ಮನೆಗೆ ಬಂದು ಯಾರ್ಯಾರು ಏನೇನು ಕೊಂಡರೆಂದು ರಸವತ್ತಾಗಿ ವರ್ಣಿಸುತ್ತಿದ್ದಾಗ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: “ಅವರು ಕೊಂಡ್ರು, ಖರೆ. ನೀವೇನು ಕೊಂಡ್ರಿ?” ನಾನು ಗೋಡೆಯತ್ತ ನೋಡಿದೆ. ಅಲ್ಲಿ ಬ್ಯಾಂಕಿನವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು ಇತ್ತು. ಮರುದಿನವೇ ಹೋಗಿ ಅಷ್ಟೂರಿನ ಒಂದು ಸಣ್ಣ ಚಿತ್ರವನ್ನು, ಅವನು ಬೇಡ ಬೇಡವೆಂದರೂ ಪೂರ್ತಿ ಬೆಲೆ ಕೊಟ್ಟು ತಂದೆ. ಅಭಿಪ್ರಾಯ ಬರೆಯುವುದಕ್ಕಿಂತ ರೊಕ್ಕ ಎಣಿಸುವುದು ಕಷ್ಟವೆಂಬುದು ಆಗ ತಿಳಿಯಿತು.

ಅದೇ ವರ್ಷ ಮೇ ತಿಂಗಳ ರಜೆಯಲ್ಲಿ ಅವನು ಸಾಯಗಾಂವದಲ್ಲೇ ಒಂದು ಪ್ರದರ್ಶನ ಇಡುತ್ತೇನೆಂದ. ನನಗೆ ನಗು ಬಂತು. ಅಲ್ಲಿ ನೋಡುವವರು ಯಾರು? ಹೀಗೆ ಕೇಳುವ ಹೊತ್ತಿಗೆ ನಾಲಿಗೆ ಕಚ್ಚಿಕೊಂಡೆ. ನನ್ನ ಸಲಹೆಗಳ ಚರಿತ್ರೆ ಅಷ್ಟೇನೂ ಚೆನ್ನಾಗಿಲ್ಲವಷ್ಟೆ. ಶಾಲೆಯ ಪಡಸಾಲೆಯಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಚಿತ್ರ ತೂಗುಹಾಕಿದೆವು. ಬೀದರದ ಬಳಗವೆಲ್ಲ ಬಂತು. ಬೋರ್ಡು ಬರೆಯುವವರು ಫ್ಲೆಕ್ಸಿಗೆ ಸೆಡ್ಡು ಹೊಡೆದು, ಕೈಯಿಂದಲೇ ಬಟ್ಟೆಯ ಮೇಲೆ ‘ಚಿತ್ರಪ್ರದರ್ಶನ’ ಎಂದು ಬರೆದುಕೊಟ್ಟರು. ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಮೇಜಿನ ಮೇಲೆ ಇಟ್ಟು, ಅದರ ಉಸ್ತುವಾರಿಗೆ ನನ್ನನ್ನು ಕೂರಿಸಿದರು. ವಿಧಿಯ ಆಟ!

ಜನ ಬಂದರು. ಹೊಲದಿಂದ ನೇರವಾಗಿ, ಕಾಲಿನ ಮಣ್ಣಿನ ಸಮೇತ ಬಂದರು. ಬೆನ್ನ ಹಿಂದೆ ಕೈಕಟ್ಟಿ ಯಾರೂ ನಡೆಯಲಿಲ್ಲ. ಬೆರಳು ಮಾಡಿ ತೋರಿಸಿ ಜಗಳಾಡಿದರು. ರೊಟ್ಟಿ ಬಡಿಯುವ ಹೆಂಗಸಿನ ಚಿತ್ರದ ಮುಂದೆ ನಿಂತ ಒಬ್ಬ ಮುದುಕಿ, “ಈಕೀ ರೊಟ್ಟಿ ಹರೀತದ. ಹಿಟ್ಟಿಗಿ ಜಿಗಿ ಬಂದಿಲ್ಲ” ಎಂದು ತೀರ್ಪು ಕೊಟ್ಟಳು. ಇನ್ನೊಬ್ಬಳು, “ಹೊಸಾ ಸೊಸಿ ಇದ್ದಾಳು ಬಿಡವ್ವಾ” ಎಂದು ಚಿತ್ರದ ಹೆಂಗಸಿನ ಪರವಾಗಿ ವಾದಿಸಿದಳು. ಹುಡುಗರು ಊರಿನ ನೋಟದಲ್ಲಿ ತಮ್ಮ ತಮ್ಮ ಮನೆ ಹುಡುಕಿದರು. ಮನೆ ಸಿಗದವನೊಬ್ಬ ಅತ್ತೇಬಿಟ್ಟ. ನೋಟುಬುಕ್ಕಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತುಂಬಿದವು.

ಹೊತ್ತು ಇಳಿಯುವಾಗ ಅವನ ಅಪ್ಪ ಬಂದರು. ಮಗನ ಚಿತ್ರಗಳನ್ನು ಅವರು ಒಟ್ಟಾಗಿ ನೋಡಿದ್ದು ಅದೇ ಮೊದಲು. ಒಂದೊಂದರ ಮುಂದೂ ನಿಂತು, ಏನೂ ಹೇಳದೆ ಮುಂದಕ್ಕೆ ಸರಿದರು. ಗೂಟದ ಚಿತ್ರದ ಮುಂದೆ ಬಂದವರು ನಿಂತೇಬಿಟ್ಟರು. ಪಡಸಾಲೆಯಲ್ಲಿ ಮಾತು ತಾನಾಗಿ ನಿಂತಿತು. ಅದು ಯಾವ ಕೊಟ್ಟಿಗೆ ಎಂಬುದು ಊರಿಗೆಲ್ಲ ಗೊತ್ತು. ಇಂದು ಅಲ್ಲಿ ಗೂಟವೂ ಇಲ್ಲ. ಅವನ್ನು ಕಿತ್ತು ಮೋಟಾರು ಸೈಕಲ್ಲು ನಿಲ್ಲಿಸುತ್ತಾರೆ. ಹುಡುಗ ಕಂಬಕ್ಕೆ ಒರಗಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ. ಮುದುಕ ಕಣ್ಣೀರು ಹಾಕುತ್ತಾರೆಂದು ನಾನು ಎದೆ ಗಟ್ಟಿಮಾಡಿಕೊಂಡೆ.

ಅವರು ಅಳಲಿಲ್ಲ. ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ, ಬಗ್ಗಿ ನೋಡಿ ಹೇಳಿದರು:

“ಎಡಗಡಿದು ಇಷ್ಟು ಸವೆದಿದ್ದಿಲ್ಲೋ. ಎಡಗಡಿ ಎತ್ತು ಸಮಾಧಾನಿ. ಜಗ್ಗತಿದ್ದದ್ದು ಬಲಗಡಿದು. ಸವೆದಿದ್ದು ಬಲಗಡಿ ಗೂಟ.”

ಹುಡುಗ ಹತ್ತಿರ ಬಂದ. ತಾನೇ ತೆಗೆದ ಚಿತ್ರವನ್ನು ಮೊದಲ ಸಲ ನೋಡುವವನಂತೆ ನೋಡಿದ. “ಹೌದಪ್ಪಾ. ನನಗ ನೆನಪು ಹಾರ್ಯಾದ” ಎಂದ. “ತಿದ್ದು ಮತ್ತ” ಎಂದರು ಅಪ್ಪ. ಬಂದಷ್ಟೇ ಸದ್ದಿಲ್ಲದೆ ಹೊರಟರು. ಬೆಂಗಳೂರಿನಲ್ಲಿ ಅವನು ಚಿತ್ರ ಮುಗಿದಿಲ್ಲವೆಂದದ್ದು ನೆಪಕ್ಕಲ್ಲವೆಂಬುದು ನನಗೆ ಆಗ ಅರ್ಥವಾಯಿತು. ಅದನ್ನು ನೋಡಬೇಕಾದವರು ಒಬ್ಬರು ಇನ್ನೂ ನೋಡಿರಲಿಲ್ಲ.

ಅವರು ಮೇಜಿನ ಬಳಿ ಬಂದಾಗ ನಾನು ಅಭ್ಯಾಸಬಲದಿಂದ ನೋಟುಬುಕ್ಕು ಮುಂದಕ್ಕೆ ಸರಿಸಿ, ಮರುಗಳಿಗೆಗೆ ನಾಚಿದೆ. “ನನಗೆಲ್ಲಿ ಬರ್ತದ್ರಿ ಮಾಸ್ತರ. ನೀವೇ ಬರೀರಿ” ಎಂದು ನಕ್ಕರು. “ಏನಂತ ಬರೀಲಿ ಅಣ್ಣಾ?” ಎಂದೆ. “ಹೇಳಿದೆನಲ್ಲ, ಅಷ್ಟೇ” ಎಂದರು.

ನಾನು ಪೆನ್ನು ತೆಗೆದುಕೊಂಡು, ಒಂದು ಅಕ್ಷರವನ್ನೂ ಅಲಂಕರಿಸದೆ ಬರೆದೆ: ‘ಸವೆದಿದ್ದು ಬಲಗಡೆಯ ಗೂಟ.’ ಕೆಳಗೆ ಅವರ ಹೆಸರು ಬರೆದೆ. ನನ್ನ ಎಂ.ಎ.ಯನ್ನು ಬರೆಯಲಿಲ್ಲ.